ಅಲುಗಾಡಿಸದೆ ಕೊಡಿ

ಮೈಸೂರಿನಲ್ಲಿ ನಮ್ಮದೊಂದು ಸಣ್ಣ ವಾಚ್ ಅಂಗಡಿ. ಬಿ.ಎಸ್ಸಿ. ಮುಗಿಸಿದವನು ಇಪ್ಪತ್ತು ವರ್ಷದಿಂದ ಅಲ್ಲೇ ಕೂತಿದ್ದೇನೆ.

ಹೋದ ಆಷಾಢದಲ್ಲಿ ಪಂಕಜಮ್ಮ ಎನ್ನುವ ಹಿರಿಯರೊಬ್ಬರು ಬಂದರು. ಯಜಮಾನರಿಗೆ ವಾಚ್ ಬೇಕಂತೆ...

ಸೆಲ್ ಹಾಕುವಂಥದ್ದು ಬೇಡ, ಹಳೇ ಕಾಲದ ಮೆಷಿನ್ ವಾಚೇ ಆಗಬೇಕು. ಮದುವೆ ಮುಂಜಿಗೆ ಕಟ್ಟಿಕೊಳ್ಳುವಷ್ಟು ಚೆಂದ ಇರಬೇಕು, ದುಬಾರಿ ಇರಬಾರದು.

ಎರಡು ವಾಚ್ ಮುಂದಿಟ್ಟೆ. ಎರಡಕ್ಕೂ ಬಿಳಿ ಡಯಲ್, ಕಂದು ಚರ್ಮದ ಬೆಲ್ಟ್. ಬೆಲೆಯೂ ಹೆಚ್ಚುಕಡಿಮೆ ಒಂದೇ.

ಒಂದಕ್ಕೆ ದಿನಾ ಕೀ ಕೊಡಬೇಕು. ಇನ್ನೊಂದು ಆಟೋಮ್ಯಾಟಿಕ್... ಕಟ್ಟಿಕೊಂಡವರ ಕೈ ಅಲುಗಾಡಿದರೆ ಸಾಕು, ತಾನೇ ಓಡುತ್ತದೆ.

ಅವತ್ತು ಅವರು ಏನೂ ಕೊಳ್ಳಲಿಲ್ಲ. ಮರುದಿನ ಬಂದರು. ಅದರ ಮರುದಿನವೂ ಬಂದರು.

ಪ್ರಶ್ನೆಗಳೆಲ್ಲ ಆಟೋಮ್ಯಾಟಿಕ್ ಬಗ್ಗೆಯೇ. ಎಷ್ಟು ಅಲುಗಾಡಿದರೆ ಓಡುತ್ತೆ? ಒಂದೇ ಸಲ ಅಲುಗಾಡಿದರೆ ಎಷ್ಟು ಹೊತ್ತು? ನಿಂತರೆ ಮುಳ್ಳು ಅಲ್ಲೇ ಇರುತ್ತಾ?

ಸ್ವಲ್ಪ ಅಲುಗಾಡಿದರೆ ಕೆಲವು ನಿಮಿಷ ಓಡಿ ನಿಲ್ಲುತ್ತದೆ, ಮುಳ್ಳು ಅಲ್ಲೇ ಇರುತ್ತದೆ ಎಂದೆ. ಪಾಪ, ಕೆಟ್ಟುಹೋದೀತು ಅಂತ ಹೆದರಿಕೆ ಇರಬೇಕು ಅಂದುಕೊಂಡೆ.

ಆಮೇಲೆ ಮೆಲ್ಲಗೆ ಹೇಳಿದರು... ಯಜಮಾನರಿಗೆ ಸ್ಟ್ರೋಕ್ ಆಗಿ ಹನ್ನೊಂದು ತಿಂಗಳು. ಎಡಗೈ ಅಲುಗಾಡುವುದಿಲ್ಲ.

"ಪಿ.ಟಿ. ಮೇಷ್ಟ್ರಪ್ಪಾ ಅವರು. ನಿದ್ದೇಲೂ ಕೈ ಬೀಸ್ತಿದ್ರು. ನನ್ನ ಮೂಗಿಗೆ ಎಷ್ಟು ಏಟು ಬಿದ್ದಿದೆಯೋ... ಆವಾಗ ಬೈತಿದ್ದೆ."

ನಕ್ಕರು. ಆ ನಗು ಅರ್ಧಕ್ಕೇ ನಿಂತಿತು.

ನನಗೆ ಉತ್ತರ ಸಿಕ್ಕಿತು ಅನ್ನಿಸಿತು. ಹಾಗಾದರೆ ಕೀ ಕೊಡೋದೇ ಸರಿ ಅಮ್ಮಾ, ಆಟೋಮ್ಯಾಟಿಕ್ ಅವರ ಕೈಯಲ್ಲಿ ನಿಂತುಬಿಡುತ್ತೆ, ಇದಕ್ಕೆ ದಿನಾ ನೀವೇ ಕೀ ಕೊಡಬಹುದು ಎಂದೆ.

ಅವರು ಕೀ ಕೊಡುವ ವಾಚನ್ನು ನನ್ನ ಕಡೆಗೇ ಸರಿಸಿದರು.

"ನಾನು ಕೀ ಕೊಟ್ರೆ ಅದು ನನ್ನ ಕೈಯಿಂದ ಓಡುತ್ತೆ... ನನಗೆ ಅವರ ಕೈಯಿಂದ ಓಡೋದು ಬೇಕು."

ಡಾಕ್ಟರು ಹೇಳಿದ್ದರಂತೆ, ಕೈಗೆ ಚಲನೆ ಬಂದರೂ ಬರಬಹುದು... ಮೊದಮೊದಲು ಯಾರ ಕಣ್ಣಿಗೂ ಬೀಳದಷ್ಟು ಸಣ್ಣದಾಗಿ. ಅಡುಗೆ, ಬಟ್ಟೆ, ಔಷಧಿ ಅಂತ ಓಡಾಡುವ ಪಂಕಜಮ್ಮ ದಿನವಿಡೀ ಆ ಕೈಯನ್ನೇ ನೋಡುತ್ತ ಕೂರುವುದು ಹೇಗೆ?

ಅದಕ್ಕೇ ಈ ಲೆಕ್ಕಾಚಾರ. ವಾಚ್ ನಿಂತ ಮೇಲೆ ಮುಳ್ಳುಗಳನ್ನು ಹನ್ನೆರಡಕ್ಕೆ ತಿರುಗಿಸಿಡುವುದು. ಕೆಲಸ ಮುಗಿಸಿ ಬಂದು ನೋಡಿದಾಗ ಹನ್ನೆರಡೂ ಐದು ಆಗಿದ್ದರೆ... ತಾನಿಲ್ಲದಾಗ ಆ ಕೈ ಅಲುಗಾಡಿದೆ!

ಓದಿದ ಸೈನ್ಸ್ ಸುಮ್ಮನಿರಲು ಬಿಡಲಿಲ್ಲ. ಅವರನ್ನು ಮಗ್ಗುಲಿಗೆ ಹೊರಳಿಸುವಾಗ, ಕೈಗೆ ವ್ಯಾಯಾಮ ಮಾಡಿಸುವಾಗಲೂ ವಾಚ್ ಓಡುತ್ತದಲ್ಲ ಎಂದೆ.

"ಆಗೆಲ್ಲ ಬಿಚ್ಚಿಡ್ತೀನಿ," ಎಂದರು.

ಮೂರು ವರ್ಷ ಲ್ಯಾಬಿನಲ್ಲಿ ನಾನು ಇಷ್ಟು ಅಚ್ಚುಕಟ್ಟಾದ ಪ್ರಯೋಗ ಮಾಡಿರಲಿಲ್ಲ.

ಆಟೋಮ್ಯಾಟಿಕ್ ಎತ್ತಿಕೊಂಡೆ. ಕೊಡುವ ಮುಂಚೆ ನಾಲ್ಕು ಸಲ ಅಲುಗಾಡಿಸಿ, ಓಡುವುದನ್ನು ತೋರಿಸಿ ಕೊಡುವುದು ನಮ್ಮ ಪದ್ಧತಿ. ಕೈ ತಾನಾಗಿಯೇ ಮೇಲೆದ್ದಿತು...

ಅವರು ನನ್ನ ಮಣಿಕಟ್ಟು ಹಿಡಿದುಬಿಟ್ಟರು.

"ಬೇಡಪ್ಪಾ... ನಿಂತಿರೋ ಹಾಗೇ ಕೊಡು. ಅವರೇ ಓಡಿಸ್ಲಿ."

ಎತ್ತಿದ ಕೈ ಮೆಲ್ಲಗೆ ಇಳಿಸಿದೆ. ಡಬ್ಬಿಗೆ ಹಾಕಿ ಎರಡೂ ಕೈಯಲ್ಲಿ ಕೊಟ್ಟೆ. ದಾರಿಯಲ್ಲಿ ಅಲುಗಾಡಿದರೂ ಪರವಾಗಿಲ್ಲ, ಮನೆಯಲ್ಲಿ ನಿಂತ ಮೇಲೆ ಹನ್ನೆರಡಕ್ಕೆ ಇಟ್ಟರಾಯಿತು ಎಂದೆ. ಹೂಂ ಎಂದರು.

ಆದರೂ... ಅಂಚಿನವರೆಗೆ ಹಾಲು ತುಂಬಿದ ಪಾತ್ರೆಯ ಹಾಗೆ, ಆ ಡಬ್ಬಿಯನ್ನು ಎದೆಯ ಮುಂದೆ ಹಿಡಿದು, ಬಸ್ ಸ್ಟಾಪಿನವರೆಗೂ ಒಂದೊಂದೇ ಹೆಜ್ಜೆ ಇಡುತ್ತ ಹೋದರು.

ಪ್ರೀತಿಯವರ ಕೆಲಸ ನಾವೇ ಮಾಡಿಕೊಡುವುದು ಪ್ರೀತಿ... ಅವರಿಂದಲೇ ಆದೀತೆಂದು ಕಾಯುವುದು ಅದಕ್ಕಿಂತ ದೊಡ್ಡ ಪ್ರೀತಿ.

ನಿಮ್ಮ ಮನೆಯಲ್ಲಿ ಯಾರ ಕೆಲಸವನ್ನು ನೀವೇ ಬೇಗಬೇಗ ಮುಗಿಸಿಬಿಡುತ್ತಿದ್ದೀರಿ? ಇವತ್ತು ಅವರಿಗಾಗಿ ಒಂದೈದು ನಿಮಿಷ ಕಾಯುತ್ತೀರಾ?