ಬೆಂಬಲ ಕೊನೆಗೊಂಡಿದೆ

'ನಿಮ್ಮ ಬೆಂಬಲ ಅಕ್ಟೋಬರ್ ಹದಿನಾಲ್ಕಕ್ಕೆ ಕೊನೆಗೊಂಡಿದೆ' ಎಂದು ಕಂಪ್ಯೂಟರಿನ ಪರದೆಯ ಮೇಲೆ ಸ್ಪಷ್ಟ ಕನ್ನಡದಲ್ಲಿ ಬಂದಿತ್ತು. ಭೀಮಣ್ಣ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ. ಕೆಳಗೆ ಇನ್ನೂ ಒಂದು ಸಾಲಿತ್ತು: 'ಇನ್ನು ಮುಂದೆ ಭದ್ರತೆ ಸಿಗುವುದಿಲ್ಲ. ಹೊಸ ಆವೃತ್ತಿಗೆ ಬದಲಾಯಿಸಿ.' ಅದರ ಕೆಳಗೆ ಎರಡು ಗುಂಡಿಗಳು. ಒಂದು 'ಈಗಲೇ ಬದಲಾಯಿಸಿ', ಇನ್ನೊಂದು 'ಆಮೇಲೆ ನೆನಪಿಸಿ'. ಭೀಮಣ್ಣ ಎರಡನೆಯದನ್ನು ಒತ್ತಿ, ಎದ್ದುಹೋಗಿ ಬಾಗಿಲು ಹಾಕಿಕೊಂಡು ಬಂದು ಕೂತ.

ಊರು ಬಿಟ್ಟು ಹೊರನಾಡಿಗೆ ಬಂದವರು ಕಟ್ಟಿಕೊಂಡ ಕಾತ್ರಜದ ಕನ್ನಡ ಬಳಗಕ್ಕೆ ಅವನು ಹನ್ನೊಂದು ವರ್ಷದಿಂದ ಅಧ್ಯಕ್ಷ. ಎರಡು ವರ್ಷಕ್ಕೊಮ್ಮೆ ಚುನಾವಣೆ ಎಂದು ನಿಯಮಾವಳಿಯಲ್ಲಿದೆ. ಆ ಮಾತು ಬಂದಾಗಲೆಲ್ಲ ಅವನು "ರಾಜ್ಯೋತ್ಸವ ಮುಗೀಲಿ, ಆಮ್ಯಾಲ ನೋಡಮ್" ಎನ್ನುತ್ತಿದ್ದ. ಮುಗಿದ ಮೇಲೆ ಯಾರೂ ನೆನಪಿಸುತ್ತಿರಲಿಲ್ಲ. ಬಳಗದ ಕಂಪ್ಯೂಟರು ಕನ್ನಡದಲ್ಲೇ ಮಾತಾಡಬೇಕೆಂದು ಹಟ ಹಿಡಿದವನೂ ಅವನೇ. ಇಂಗ್ಲಿಷಿಗೆ ಒಗ್ಗಿದ ಉಳಿದ ಪದಾಧಿಕಾರಿಗಳು ಅಂದಿನಿಂದ ಅದರ ತಂಟೆಗೆ ಬಂದಿರಲಿಲ್ಲ. ಹೀಗಿರುವಾಗ ಇದನ್ನು ಬರೆದವರು ಯಾರು? ಕಂಪ್ಯೂಟರು ಇದ್ದದ್ದು ತನಿಯಪ್ಪನ ಹೋಟೆಲಿನ ಮೇಲಿನ ಕೋಣೆಯಲ್ಲಿ. ಕೀಲಿಕೈ ತನಿಯಪ್ಪನ ಹತ್ತಿರ. ತನಿಯಪ್ಪ ಉಪಾಧ್ಯಕ್ಷ. ಭಾನುವಾರ ಸರ್ವಸದಸ್ಯರ ಸಭೆ. ಹೊಸ ಆವೃತ್ತಿ ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೆಳಗಿಳಿದು ಬಂದ ಭೀಮಣ್ಣ ಗಲ್ಲಾದ ಮುಂದೆ ನಿಂತು, ಈ ವರ್ಷದ ರಾಜ್ಯೋತ್ಸವದ ಊಟ ನಿಮ್ಮದೇ ಎಂದು ತನಿಯಪ್ಪನಿಗೆ ಹೇಳಿದ. ಹನ್ನೊಂದು ವರ್ಷವೂ ಸಾಬವ್ವ ಮತ್ತು ಅವಳ ಓಣಿಯ ಹೆಂಗಸರು ಬಡಿದ ಜೋಳದ ರೊಟ್ಟಿಯೇ ಆ ದಿನದ ಊಟ. ನೀರುದೋಸೆ ಮಾಡುತ್ತೇನೆಂದು ತನಿಯಪ್ಪ ಮೂರು ಸಲ ಕೇಳಿ ಸುಮ್ಮನಾಗಿದ್ದ.

"ಎಂತ ಮಾರಾಯ್ರೆ, ಹುಷಾರಿದ್ದೀರಲ್ಲ?" ಎಂದ ತನಿಯಪ್ಪ.

"ನಿಮ್ಮ ಬೆಂಬಲ ಒಂದು ಇದ್ರ ಸಾಕ್ರಿ."

ತನಿಯಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಬಂದದ್ದನ್ನು ಬೇಡ ಎನ್ನುವ ಪೈಕಿ ಅವನಲ್ಲ. ಅಧ್ಯಕ್ಷರಿಗೆ ಒಂದು ಪ್ಲೇಟ್ ಬನ್ಸ್ ತರಲು ಒಳಗೆ ಕೂಗಿದ. ಸಾಬವ್ವನಿಗೆ ಭೀಮಣ್ಣ ಫೋನಿನಲ್ಲೇ ತಿಳಿಸಿದ: ಈ ವರ್ಷ ನೀವೆಲ್ಲ ಆರಾಮ ತಗೋರಿ. ಅವಳು "ಆಯ್ತು ಬಿಡ್ರಿ" ಎಂದಳು. ಅವನು ಇಡುವ ಮೊದಲೇ ಫೋನ್ ಇಟ್ಟಳು.

ಶುಕ್ರವಾರ ತನಿಯಪ್ಪನ ಮಗಳು ಶರಣ್ಯಾ ಸಭೆಯ ಕಾರ್ಯಸೂಚಿ ಟೈಪ್ ಮಾಡಲು ಬಂದಳು. ಹಿಂಜವಡಿಯ ಕಂಪನಿಯೊಂದರಲ್ಲಿ ನೂರಾರು ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವ ಹುಡುಗಿ. ಪರದೆಯ ಮೇಲೆ ಅದೇ ಸಾಲು ಮತ್ತೆ ಎದ್ದಾಗ ಭೀಮಣ್ಣನಿಗೆ ತಡೆದುಕೊಳ್ಳಲಾಗಲಿಲ್ಲ. ನಿಮ್ಮಪ್ಪ ನೇರವಾಗಿ ಹೇಳಬಹುದಿತ್ತಲ್ಲ ಎಂದುಬಿಟ್ಟ. ಶರಣ್ಯಾ ಓದಿದಳು, ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

"ಕಾಕಾ, ಬೆಂಬಲ ಅಂದ್ರೆ ಸಪೋರ್ಟ್. ನಿಮ್ಮದಲ್ಲ, ಈ ಕಂಪ್ಯೂಟರಿಂದು."

ಒಳಗಿನ ವ್ಯವಸ್ಥೆ ಹಳೆಯದಾಗಿದೆ ಎಂದು ಅವಳು ವಿವರಿಸಿದಳು. ಇಂಥ ದಿನದವರೆಗೆ ಮಾತ್ರ ಭದ್ರತೆಯ ತೂತು ಮುಚ್ಚಿಕೊಡುತ್ತೇವೆ ಎಂದು ಅದನ್ನು ಮಾಡಿದವರು ಮೊದಲೇ ಹೇಳಿರುತ್ತಾರೆ. ಆ ದಿನ ದಾಟಿದ ಮೇಲೂ ಅದು ನಡೆಯುತ್ತದೆ, ಆದರೆ ಅದಕ್ಕೆ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ.

"ನಡೀತದ ಅಂದಮ್ಯಾಲ ಯಾಕ ಬದಲಿ ಮಾಡ್ಬೇಕು?"

"ನಡೆಯೋದು ಬೇರೆ, ಸಪೋರ್ಟ್ ಇರೋದು ಬೇರೆ, ಕಾಕಾ."

ಈ ವ್ಯವಸ್ಥೆಯಲ್ಲಿ ಹತ್ತು, ಹನ್ನೊಂದು ಎಂಬುದು ವರ್ಷನ್, ಅಂದರೆ ಹಳೆಯದೋ ಹೊಸದೋ ಎಂಬ ಲೆಕ್ಕ. ಹೋಮ್, ಪ್ರೊ ಎಂಬುದು ಎಡಿಷನ್, ಅಂದರೆ ಮನೆಗೋ ಕಚೇರಿಗೋ ಎಂಬ ಬಗೆ. ಕನ್ನಡಕ್ಕೆ ತಂದವರು ಎರಡಕ್ಕೂ ಆವೃತ್ತಿ ಎಂದು ಬರೆದು ಕೈ ತೊಳೆದುಕೊಂಡಿದ್ದಾರೆ ಎಂದೂ ಹೇಳಿದಳು. ನಮ್ಮದು ಯಾವುದು ಎಂದು ಭೀಮಣ್ಣ ಕೇಳಿದ. ಹತ್ತು, ಹೋಮ್ ಎಂದಳು.

"ಅಂದ್ರ ಮನೀಗಿ ಹೋಗು ಅಂತದ," ಎಂದು ಭೀಮಣ್ಣ ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕ.

ಈ ಯಂತ್ರಕ್ಕೆ ಹನ್ನೊಂದನ್ನು ಹೊರುವ ಶಕ್ತಿಯಿಲ್ಲ, ಆದರೆ ಇನ್ನೊಂದು ವರ್ಷ ಬೆಂಬಲ ಮುಂದುವರಿಸಿಕೊಳ್ಳಬಹುದು, ಹತ್ತು ನಿಮಿಷದ ಕೆಲಸ, ಈಗಲೇ ಮಾಡಲೇ ಎಂದು ಶರಣ್ಯಾ ಕೇಳಿದಳು. "ಈಗ ಬ್ಯಾಡವ್ವ, ರಾಜ್ಯೋತ್ಸವ ಮುಗೀಲಿ," ಎಂದು ಭೀಮಣ್ಣ ತಾನೇ ಕೈಚಾಚಿ 'ಆಮೇಲೆ ನೆನಪಿಸಿ' ಒತ್ತಿದ. ಊಟದ ಮಾತನ್ನು ಮಾತ್ರ ಹಿಂದಕ್ಕೆ ಪಡೆಯುವಂತಿರಲಿಲ್ಲ. ಪಡೆದರೆ, ಯಾಕೆ ಕೊಟ್ಟಿದ್ದೆ ಎಂದು ಹೇಳಬೇಕಾಗುತ್ತಿತ್ತು.

ಭಾನುವಾರ ಹೋಟೆಲಿನ ಮೇಲಿನ ಸಭಾಂಗಣ ತುಂಬಿತ್ತು. ಹಳೆಯ ಉತ್ಸವಗಳ ಫೋಟೋ ತೋರಿಸಲೆಂದು ಶರಣ್ಯಾ ಕಂಪ್ಯೂಟರನ್ನು ಪ್ರೊಜೆಕ್ಟರಿಗೆ ಜೋಡಿಸಿದ್ದಳು. ಮುಂದಿನ ಸಾಲಿನಲ್ಲಿ ಸಾಬವ್ವ, ಅವಳ ಹಿಂದೆ ಅವಳ ಓಣಿ. ಎಲ್ಲರೂ ಬಳಗದ ಸಂಜೆ ತರಗತಿಯಲ್ಲಿ ಅಕ್ಷರ ಕಲಿತವರು. ಆ ತರಗತಿ ತನ್ನ ಸಾಧನೆಯೆಂದು ಭೀಮಣ್ಣ ಪ್ರತಿ ವರ್ಷ ಹೇಳುತ್ತಿದ್ದ. ಈ ವರ್ಷವೂ ಹೇಳಿ, "ಇದೆಲ್ಲಾ ನಿಮ್ಮ ಬೆಂಬಲದಿಂದ" ಎನ್ನುತ್ತಿದ್ದಂತೆ ಗೋಡೆಯ ಮೇಲಿನ ಫೋಟೋ ಮಾಯವಾಯಿತು. ಅಲ್ಲಿ ಮೊಳದುದ್ದದ ಅಕ್ಷರಗಳು ನಿಂತವು: 'ನಿಮ್ಮ ಬೆಂಬಲ ಕೊನೆಗೊಂಡಿದೆ. ಹೊಸ ಆವೃತ್ತಿಗೆ ಬದಲಾಯಿಸಿ.'

ಸಭೆ ತುಟಿಯಲ್ಲೇ ಅಕ್ಷರ ಕೂಡಿಸಿ ಓದಿತು. ಶರಣ್ಯಾ ಮೌಸ್ ಹುಡುಕುವಷ್ಟರಲ್ಲಿ ಸಾಬವ್ವ ಸಮ್ಮತಿಯೆಂದು ಕೈ ಎತ್ತಿದಳು. ಅವಳ ಹಿಂದಿನ ಸಾಲು ಎತ್ತಿತು, ಅದರ ಹಿಂದಿನದೂ ಎತ್ತಿತು. ತನಿಯಪ್ಪ ಅತ್ತಿತ್ತ ನೋಡಿ, ತನ್ನ ಕೈಯನ್ನು ಎದೆಯವರೆಗೆ ತಂದು ಅಲ್ಲೇ ನಿಲ್ಲಿಸಿಕೊಂಡ.

"ಅದು ನನಗಲ್ರಿ, ಕಂಪ್ಯೂಟರಿಗಿ," ಎಂದು ಭೀಮಣ್ಣ ಗೋಡೆಗೆ ಅಡ್ಡ ನಿಂತ. ಅರ್ಧ ಅಕ್ಷರಗಳು ಅವನ ಬಿಳಿ ಅಂಗಿಯ ಮೇಲೆ ಬಂದವು. "ಬೆಂಬಲ ಅಂದ್ರ ಇಲ್ಲಿ ಬ್ಯಾರೆ ಅರ್ಥ ಅದ."

"ನಮಗ ಕನ್ನಡ ಬರ್ತದ್ರಿ," ಎಂದಳು ಸಾಬವ್ವ, ಎತ್ತಿದ ಕೈ ಇಳಿಸದೆ.