ಆರುನೂರು ಅಡಿ ಮತ್ತು ಒಂದು ಚೊಂಬು

ಆರುನೂರು ಅಡಿ ಆಳದ ನೀರು ತಡೆಯುವ ಗಡಿಯಾರವನ್ನು ರಘುಪತಿ ಒಣಪಂಚೆಯ ಮಡಿಕೆಯ ಮೇಲೆ ಇಡಿಸಿಕೊಂಡ. ಟೀಪಾಯಿಯ ಮೇಲೆ ಎಲ್ಲಾದರೂ ಪಸೆ ಇದ್ದೀತೆಂಬ ಹೆದರಿಕೆ. ಅದನ್ನು ತಂದಿದ್ದ ಯಲ್ಲಾಪುರದ ಸಂದೇಶನೂ ಎರಡೂ ಕೈಯಲ್ಲಿ, ಪ್ರಸಾದ ಕೊಟ್ಟ ಹಾಗೆ, ಇಟ್ಟ.

ರಘುಪತಿಯ ಇಸಳೂರಿನ ಹೊಸ ಮನೆಯ ಗಾಜಿನ ಕಪಾಟಿನಲ್ಲಿ ಆಗಲೇ ಇಂಥವುಗಳ ಒಂದು ಸಾಲು ಇತ್ತು. ಸಮುದ್ರದ ತಳಕ್ಕೆ ಇಳಿಯುವವರಿಗೆಂದು ಹಿಂದಿನ ಕಾಲದಲ್ಲಿ ಮಾಡಿದ ಡೈವ್ ವಾಚುಗಳು. ಒಡೆಯನಿಗೆ ಮಾತ್ರ ಈಜು ಬಾರದು. ಗೋಕರ್ಣಕ್ಕೆ ಹೋದರೂ ಸಮುದ್ರಸ್ನಾನವನ್ನು ಬಕೆಟ್ಟಿನಲ್ಲಿ ತರಿಸಿಕೊಂಡು ಮುಗಿಸುವ ಆಸಾಮಿ. ವಾಚು ಕಟ್ಟಿಕೊಂಡ ದಿನ ಕೈ ತೊಳೆಯಬೇಕಾದರೂ ಅದನ್ನು ಬಿಚ್ಚಿ ಒಳಗಿಟ್ಟು ಬರುತ್ತಿದ್ದ.

ಇವತ್ತು ಬಂದದ್ದು ಸಾಮಾನ್ಯದ್ದಲ್ಲ. ಕಪ್ಪಾಗಿದ್ದ ಅದರ ಮುಖ ಕಂದು ಬಣ್ಣಕ್ಕೆ ತಿರುಗಿತ್ತು. ಸಂಗ್ರಹಕಾರರ ವಾಟ್ಸಾಪ್ ಗುಂಪಿನಲ್ಲಿ ಇಂಥ ಕಂದು ಮುಖದ ಫೋಟೊ ಬಂದರೆ ಉಳಿದವರು ಹೊಟ್ಟೆಕಿಚ್ಚಿಗೆ ಊಟ ಬಿಡುತ್ತಿದ್ದರು. ಬಿಸಿಲು, ಉಪ್ಪುಗಾಳಿ, ವರ್ಷಗಳು ಸೇರಿ ತಂದ ಬಣ್ಣ, ಮನುಷ್ಯರ ಕೈಯಲ್ಲಿ ಆಗುವಂಥದ್ದಲ್ಲ ಎಂದು ರಘುಪತಿ ವಾರದಿಂದ ಹೆಂಡತಿ ಸುಬ್ಬಲಕ್ಷ್ಮಿಗೆ ಪಾಠ ಹೇಳುತ್ತಿದ್ದ. ಕಾರವಾರದ ಬಂದರಿನಲ್ಲಿ ಮುಳುಗು ಹಾಕುವ ಕೆಲಸದವನೊಬ್ಬನ ವಾಚು ಎಂದು ಸಂದೇಶ ಹೇಳಿದ, ಇವನು ನಂಬಿದ. ನಂಬದೆ ಏನು! ಶಿರಸಿಯ ಮಂಡಿಯಲ್ಲಿ ಅಡಿಕೆಯನ್ನು ಉಗುರಿನಿಂದ ಕೆರೆದು, ನಾಲಿಗೆಗೆ ಮುಟ್ಟಿಸಿ, ಬಣ್ಣ ಹುಟ್ಟಿನದ್ದೋ ಹಚ್ಚಿದ್ದೋ ಎಂದು ಹೇಳುವ ವ್ಯಾಪಾರಿ ರಘುಪತಿ. ಹಚ್ಚುವುದೂ ಅವನಿಗೆ ಗೊತ್ತಿತ್ತು. ಮನೆಯ ಹಿಂದಿನ ಗೋದಾಮಿನಲ್ಲಿ, ಮುಗ್ಗಲು ಹಿಡಿದ ಹಳೆ ಅಡಿಕೆ ಚೊಗರು ಕುಡಿದು ಹೊಸದಾಗಿ ಹೊರಗೆ ಬರುತ್ತಿತ್ತು. ಚೊಗರೆಂದರೆ ಅಡಿಕೆ ಬೇಯಿಸಿದ ಕೆಂಪು ರಸ. ಹೋದ ತಿಂಗಳು ಸಂದೇಶ ಕಿಟಕಿಯ ಚೌಕಟ್ಟಿಗೆ ಬಳಿಯಲು ಬೇಕೆಂದಾಗ ಅವನಿಗೂ ಒಂದು ಬಾಟಲಿ ಧಾರಾಳವಾಗಿ ಕೊಟ್ಟಿದ್ದ.

ಟೀಪಾಯಿಯ ಇನ್ನೊಂದು ತುದಿಯಲ್ಲಿ, ಬದಲಿಗೆ ಕೊಡಲೆಂದು, ಮಾವನ ಎಚ್‌ಎಂಟಿ ವಾಚು ಇತ್ತು. ಹುಲೇಕಲ್ಲಿನ ಆ ಮಾವ ಅದನ್ನು ಕಟ್ಟಿಕೊಂಡೇ ಹೊಳೆ ದಾಟಿದವನು, ಕೆರೆಯ ಹೂಳು ತೆಗೆದವನು, ಒಮ್ಮೆ ಅಕ್ಕಚ್ಚಿನ ಬಾನಿಯಲ್ಲಿ ಬೀಳಿಸಿ ಎಮ್ಮೆ ಬಾಯಿ ಹಾಕುವ ಮೊದಲು ಎತ್ತಿಕೊಂಡವನು. ಮಗಳ ಮದುವೆಯಲ್ಲಿ ತನ್ನ ಕೈಯಿಂದ ಬಿಚ್ಚಿ ಅಳಿಯನಿಗೆ ಕಟ್ಟಿದ್ದ. ಅಪ್ಪ ಹೋದ ಮೇಲೆ ಸುಬ್ಬಲಕ್ಷ್ಮಿಗೆ ಅವನದೆಂದು ಉಳಿದದ್ದು ಅದೊಂದೇ. ಅದೊಂದು ಬೇಡ, ಬೇರೆ ಏನಾದರೂ ಕೊಡಿ ಎಂದು ಅವಳು ಬೇಡಿಕೊಂಡಿದ್ದಳು. ಹಳೆಯ ವಸ್ತುಗಳ ಬೆಲೆ ಅವಳಿಗೆ ತಿಳಿಯದು ಎಂದು ರಘುಪತಿ ಮಾತು ಮುಗಿಸಿದ್ದ.

ಆದರೂ ಬಂದವರಿಗೆ ಬೆಲ್ಲ, ನೀರು ಕೊಡದಿರಲಾಗುತ್ತದೆಯೇ? ಸುಬ್ಬಲಕ್ಷ್ಮಿ ಬೆಲ್ಲದ ತಟ್ಟೆ ಮತ್ತು ಚೊಂಬು ತಂದು ಟೀಪಾಯಿಯ ಮೇಲಿಟ್ಟಳು. ಸಂದೇಶನ ಕೈ ಬೆಲ್ಲವನ್ನು ದಾಟಿ ಅಪ್ಪನ ವಾಚಿನ ಕಡೆಗೆ ಹೋಗುವುದನ್ನು ನೋಡಿದಳು. ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

"ಇದು ಎಷ್ಟು ನೀರು ತಡೀತು ಹೇಳಿದ್ರಿ?"

"ಆರ್ನೂರು ಅಡಿ," ಎಂದ ರಘುಪತಿ, ತಾನೇ ಇಳಿದು ನೋಡಿಬಂದವನಂತೆ.

"ಹಂಗಾರೆ ಒಂದು ಚೊಂಬು ತಡೀತಿಲ್ಯ?"

ಮುಟ್ಟಡ ಎಂದು ಗಂಡ ಬಾಯಿ ತೆರೆಯುವಷ್ಟರಲ್ಲಿ ಡೈವ್ ವಾಚು ತನ್ನ ಹೊಸ ಜನ್ಮದ ಮೊದಲ ಡೈವ್ ಮುಗಿಸಿ ಚೊಂಬಿನ ತಳ ಸೇರಿತ್ತು.

ರಘುಪತಿ ಕೈ ಹಾಕಿ ಎತ್ತಿದ. ಗಾಜಿನೊಳಗೆ ಅರ್ಧದಷ್ಟು ನೀರು ತುಂಬಿತ್ತು. ಅದರಲ್ಲಿ ಬಿಸಿಲು, ಉಪ್ಪುಗಾಳಿ, ಕಾರವಾರದ ಬಂದರು ಎಲ್ಲ ಕರಗಿ ಕೆಂಪಗೆ ಇಳಿಯುತ್ತಿದ್ದವು. ಅಡಿಯಿಂದ ಹೊಚ್ಚ ಹೊಸ ಕಪ್ಪು ಮುಖ ಮೇಲೆದ್ದು ಬರುತ್ತಿತ್ತು. ಬೆರಳ ಮೇಲೆ ಒಂದು ಹನಿ ಸೋರಿತು. ಮಂಡಿಯ ಅಭ್ಯಾಸ, ಬೆರಳು ತನ್ನಷ್ಟಕ್ಕೆ ನಾಲಿಗೆಗೆ ಹೋಯಿತು. ಬಾಯಿ ಯಾರನ್ನೂ ಕೇಳದೆ ತೀರ್ಪು ಕೊಟ್ಟಿತು.

"ಚೊಗರು." ಇನ್ನೊಮ್ಮೆ ಚಪ್ಪರಿಸಿದ. "ನಮ್ಮನೇದೇಯ."

ವಾಚಿನ ಹಿಂದಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲವೇನೋ ಎಂದು ಸಂದೇಶ ಬೇಸರಪಟ್ಟುಕೊಂಡ. ರಘುಪತಿ ಕೂಗಾಡಿದ. ಪೊಲೀಸರಿಗೆ ಹೇಳುವೆನೆಂದ, ಮಂಡಿಯಲ್ಲಿ ಮಾನ ಕಳೆಯುವೆನೆಂದ, ವಾಟ್ಸಾಪಿನಲ್ಲಿ ಫೋಟೊ ಹಾಕುವೆನೆಂದ. ಸಂದೇಶ ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಂಡ.

"ಹೇಳಿ ಭಾವ, ಅಡ್ಡಿಲ್ಲೆ. ಚೊಗರು ಯಾರ ಗೋದಾಮಿಂದು, ಅಲ್ಲಿ ಅದು ಎಂತಕ್ಕೆ ಇಟ್ಟಿದ್ದು ಹೇಳಿ ಜನ ಕೇಳ್ತ. ಆನೂ ಹೇಳ್ತೆ."

ರಘುಪತಿ ಕುರ್ಚಿಯಲ್ಲಿ ಕುಳಿತ. ಸುಬ್ಬಲಕ್ಷ್ಮಿ ಅಪ್ಪನ ವಾಚನ್ನು ಎತ್ತಿ ತನ್ನ ಕೈಗೇ ಕಟ್ಟಿಕೊಂಡಳು. ಪಟ್ಟಿ ಸಡಿಲವಾಗಿ ಅದು ಮೊಣಕೈವರೆಗೆ ಜಾರಿತು. ಜಾರಿದಲ್ಲೇ ಕೀಲಿ ಕೊಟ್ಟು ಕಿವಿಗೆ ಹಿಡಿದಳು. ನಡೆಯುತ್ತಿತ್ತು.

ಸಂದೇಶ ತನ್ನ ಗಡಿಯಾರವನ್ನು ಟೀಪಾಯಿಯ ಮೇಲಿನ ಒಣಪಂಚೆಯಲ್ಲೇ ಒರೆಸಿ ಕಿಸೆಗೆ ಹಾಕಿದ. ಬಾಗಿಲವರೆಗೆ ಹೋದವನು ತಿರುಗಿ, ನಡೆದದ್ದು ಈ ಜಗಲಿ ದಾಟದೆಂದು ಮಾತು ಕೊಟ್ಟ. ಹಾಗೆಯೇ, ತನ್ನ ಮನೆಯಲ್ಲಿ ಇನ್ನೊಂದು ಕಿಟಕಿ ಉಳಿದಿದೆ, ಇನ್ನೊಂದು ಬಾಟಲಿ ಸಿಕ್ಕೀತೇ ಎಂದು ಕೇಳಿದ. ರಘುಪತಿ ಗೋದಾಮಿಗೆ ಹೋಗಿ ಬಾಟಲಿ ತಂದ. ಕೊಡುವಾಗ ಮಾತ್ರ ಅವನೊಳಗಿನ ವ್ಯಾಪಾರಿಗೆ ತಡೆಯಲಾಗಲಿಲ್ಲ.

"ಹೋದ ಸಲ ಕೊಟ್ಟಿದ್ದು ತೆಳು ಚೊಗರು," ಎಂದ, ಹೆಂಡತಿಗೆ ಕೇಳದಷ್ಟು ಮೆಲ್ಲಗೆ. "ಇದು ಗಟ್ಟಿ ಕುದಿಸಿದ್ದು. ನೀರಿಗೂ ನಿಲ್ತು."