ತುಂಬಿದ ಬಟ್ಟಲು

ಬುರುಲ್ ಒಳಗೆ ಬಂದವಳೇ ಮೊದಲು ಮಾಂಸ ಕೊಯ್ಯುವ ಚೂರಿಯನ್ನು ಎತ್ತಿ ತನ್ನ ಮೊಣಕಾಲಿನ ಕೆಳಗೆ ಸೇರಿಸಿಕೊಂಡು ಕುಳಿತಳು. ಆಮೇಲೆ ಬಾಯಿತುಂಬ ನಕ್ಕು, "ಎಲ್ರೂ ಆರಾಮಾ?" ಎಂದಳು. ಕಾಳಜಿ ಎಂದರೆ ಹೀಗಿರಬೇಕು.

ಹುಚ್ಚಾಸ್ಪತ್ರೆಯಿಂದ ಮನೆಗೆ ಕಳಿಸಿದ ಸುದ್ದಿ ನಾರಿನ್ ಪಟ್ಟಣದ ಆ ಬೀದಿಗೆಲ್ಲ ಮುಟ್ಟಿತ್ತು. ಮನೆಯೊಡತಿ ಕಾಲಿಚಾಳ ಗಂಡನ ಅಕ್ಕ ಈ ಬುರುಲ್. ತಂಗಿಯನ್ನೂ ಕಟ್ಟಿಕೊಂಡು ನೋಡಲು ಬಂದಿದ್ದಳು. ವಾಸಿಯಾಗಿಲ್ಲ ಎನಿಸಿದರೆ ತೊಟ್ಟಿಲಿನ ಮಗುವನ್ನು ತನ್ನ ಮನೆಗೆ ಒಯ್ಯುವುದು ಅವಳ ತೀರ್ಮಾನ. ಕಾರಿನ ಹಿಂದಿನ ಸೀಟಿಗೆ ಆಗಲೇ ಕಂಬಳಿ ಹಾಸಿಟ್ಟಿದ್ದಳು.

ಕಾಲಿಚಾ ಸೊಸೆ ಗುಲ್ಜಾತಳ ಕೈಯನ್ನೇ ನೋಡುತ್ತಿದ್ದಳು. ಆ ಕೈ ಬಂದವರ ಬಟ್ಟಲಿಗೆ ಚಹಾ ಬಗ್ಗಿಸುತ್ತಿತ್ತು. ಅಲ್ಲಿನ ರೂಢಿಯಲ್ಲಿ ಬಟ್ಟಲು ಅರ್ಧವಿದ್ದರೆ ಇನ್ನೂ ಕುಳಿತಿರಿ ಎಂದು ಅರ್ಥ. ತುಂಬಿಸಿದರೆ ಕುಡಿದು ಜಾಗ ಖಾಲಿ ಮಾಡಿ ಎಂದು. ಹಾಲುಹಲ್ಲು ಉದುರದ ಹುಡುಗಿಗೂ ಇದು ಗೊತ್ತು. ಒಂದು ಹನಿ ಹೆಚ್ಚಾದರೂ ಇವರಿಗೆ ಅದೇ ಸಾಕ್ಷಿ ಎಂದು ಕಾಲಿಚಾ ಬಟ್ಟಲಿನಿಂದ ಕಣ್ಣು ಕೀಳಲಿಲ್ಲ.

"ಮಾತ್ರೆ?" ಬುರುಲ್ ಗೋಡೆಯನ್ನು ಕೇಳಿದಂತೆ ಕೇಳಿದಳು.

"ತಪ್ಪದೆ ನಡೀತಿದೆ, ದೊಡ್ಡತ್ತೆ," ಎಂದಳು ಗುಲ್ಜಾತ್.

"ನಿದ್ದೆ?"

"ಮಗು ಬಿಟ್ಟಷ್ಟು."

ಬುರುಲ್ ತಂಗಿಯ ಕಿವಿಗೆ ಬಾಯಿಟ್ಟು, ಇಡೀ ಕೋಣೆಗೆ ಕೇಳುವಂತೆ ಪಿಸುಗುಟ್ಟಿದಳು: "ನಗೋದೇ ಇಲ್ಲ ನೋಡು. ಮೊದ್ಲು ಎಷ್ಟು ಒಳ್ಳೇವಳಿದ್ಲು! ಹೇಳಿದ್ದಕ್ಕೆಲ್ಲ ಹೂಂ ಅಂತಿದ್ಲು."

ಚಹಾದ ನೀರು ಕಾಯಿಸುವ ಸಮೋವರ್ ಎರಡನೇ ಸಲ ಕುದಿಯಿತು. ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು, ಬೋರ್ಸೋಕ್, ತುಂಬಿದ್ದ ತಟ್ಟೆ ಬರಿದಾಯಿತು. ರೋಗಿಯನ್ನು ನೋಡಲು ಬಂದವರಿಗೆ ಯಾಕೋ ಹಸಿವು ಜಾಸ್ತಿ.

"ಕೆಲ್ಸ ಇಲ್ದೋರಿಗೇ ಈ ಮನಸ್ಸಿನ ಕಾಯಿಲೆ ಬರೋದು," ಎಂದಳು ತಂಗಿ, ತಟ್ಟೆಯ ತಳ ಸವರುತ್ತ.

ಕೊನೆಗೆ ಬುರುಲ್ ಎದ್ದಳು. ಅವಸರದಲ್ಲಿ ಚೂರಿಯನ್ನೂ ಅಲ್ಲೇ ಮರೆತು ತೊಟ್ಟಿಲಿನ ಪಟ್ಟಿ ಬಿಚ್ಚತೊಡಗಿದಳು. "ಪೂರ್ತಿ ವಾಸಿ ಆಗೋವರೆಗೂ ಮಗು ನಮ್ಮಲ್ಲಿರ್ಲಿ."

ಗುಲ್ಜಾತಳ ಕಣ್ಣು ತುಂಬಿತು. ಅವಳು ಅತ್ತೆಯ ಮುಖ ನೋಡಿದಳು.

ಕಾಲಿಚಾ ಸೊಸೆಯ ಕೈಯಿಂದ ಚಹಾದ ಪಾತ್ರೆ ತೆಗೆದುಕೊಂಡಳು. ಅತ್ತಿಗೆಯ ಬಟ್ಟಲಿಗೆ ಅಂಚಿನವರೆಗೆ, ಅಂಚು ಮೀರಿ, ಹಾಸುಬಟ್ಟೆ ತೊಯ್ಯುವವರೆಗೆ ಸುರಿದಳು. ಎತ್ತಿ ಅವಳ ಮುಂದೆ ಹಿಡಿದಳು. "ಕುಡೀರಿ, ಅತ್ತಿಗೆ."

"ನೋಡಿದ್ಯೇನೇ!" ಬುರುಲ್ ತಂಗಿಗೆ ಕಿರುಚಿದಳು. "ಆಸ್ಪತ್ರೆಯೋರು ಈ ಕಾಲಿಚಾನ ಇಷ್ಟು ಬೇಗ ಬಿಡಬಾರ್ದಿತ್ತು ಅಂತ ನಾನು ಬಡ್ಕೊಂಡೆ! ಮೂವತ್ತು ವರ್ಷ ನಂಗೆ ಅರ್ಧ ಬಟ್ಟಲಿಗಿಂತ ಹೆಚ್ಚು ಸುರಿದೋಳಲ್ಲ ಇವಳು!"

"ಅದೇ ಕಾಯಿಲೆ ಆಗಿತ್ತು, ದೊಡ್ಡತ್ತೆ," ತೊಟ್ಟಿಲಿನ ಪಟ್ಟಿಯನ್ನು ಮತ್ತೆ ಬಿಗಿಯುತ್ತ ಗುಲ್ಜಾತ್ ಹೇಳಿದಳು, "ಇವತ್ತು ನಮ್ಮತ್ತೆಗೆ ಪೂರ್ತಿ ವಾಸಿಯಾಯ್ತು."